ಐರಿಷ್ ರೈತನ ಸಾವಿಗೆ ಹತ್ತು ಅಂಕ

ಐರ್ಲೆಂಡಿನ ಒಬ್ಬ ರೈತನನ್ನು ನಾನು ಎರಡು ಸಾವಿರದ ಹದಿನಾಲ್ಕನೇ ಇಸವಿಯ ಮಾರ್ಚ್ ತಿಂಗಳಲ್ಲಿ ಸಾಯಿಸಿದೆ. ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಅದು ಅಚ್ಚಾಯಿತು. ಡಿಗ್ರಿ ಪರೀಕ್ಷೆಯ ಗೈಡಿನ ನಲವತ್ತೊಂದನೇ ಪುಟ. ಎರಡು ವರ್ಷ ಯಾರೂ ಏನೂ ಕೇಳಲಿಲ್ಲ.

ಕಥೆ ದೊಡ್ಡದಲ್ಲ. ಪದವಿಯ ನಾಲ್ಕನೇ ಸೆಮಿಸ್ಟರಿನ ಇಂಗ್ಲಿಷ್ ಪಠ್ಯದಲ್ಲಿ ಆರನೇ ಪಾಠ, ನಾಲ್ಕೇ ಪುಟ. ಸುಮಾರು ನೂರು ವರ್ಷದ ಹಿಂದೆ ಒಬ್ಬ ಐರಿಷ್ ಲೇಖಕ ಬರೆದದ್ದು. ಜೋರು ಗಾಳಿಯ ಒಂದು ಮಧ್ಯಾಹ್ನ ಗಂಡ ಹೆಂಡತಿ ಊಟಕ್ಕೆ ಕೂತಿದ್ದಾರೆ. ಅಂಗಳದ ಗೇಟು ಗಾಳಿಗೆ ಬಡಿದುಕೊಳ್ಳುತ್ತಿದೆ. ಅದನ್ನು ಹಾಕಿ ಬರುತ್ತೇನೆ ಎಂದು ಗಂಡ ಅರ್ಧ ಊಟದಲ್ಲಿ ಎದ್ದು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದು ನಿಲ್ಲುತ್ತದೆ. ಅವನು ಒಳಗೆ ಬರುವುದಿಲ್ಲ. ಹೆಂಡತಿ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚುತ್ತಾಳೆ, ಬಾಗಿಲು ಮುಂದಕ್ಕೆಳೆದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು. ಅವನು ಸತ್ತನೋ, ಊರು ಬಿಟ್ಟು ಹೋದನೋ, ಪಕ್ಕದ ಹೊಲದವನ ಜೊತೆ ಮಾತಿಗೆ ನಿಂತನೋ ಲೇಖಕ ಹೇಳುವುದಿಲ್ಲ. ನಾನು ಎಂ.ಎ. ಓದುವಾಗ ನಮ್ಮ ಮೇಷ್ಟ್ರು ಇಂಥ ಕಥೆಗಳನ್ನು ಹೊಗಳುತ್ತಿದ್ದರು. ಹೇಳದೆ ಬಿಡುವುದೇ ಆ ಕಾಲದ ಕಥೆಗಾರರ ದೊಡ್ಡ ಗುಣ ಅನ್ನುತ್ತಿದ್ದರು. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದಿದ್ದೆ.

ಗೈಡ್ ಪ್ರಕಟಿಸುವ ಬಾಲರಾಜ್ ಯಲಹಂಕದ ನಮ್ಮ ಮನೆಗೆ ಬಂದಾಗ ನನ್ನ ಗಂಡ ಪುನೀತ್ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರಿಗೆ ಮೂವತ್ತೆರಡು ವರ್ಷ. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನಿಂತಲ್ಲೇ ಕುಸಿದರು. ಹೃದಯ ಎಂದರು ಡಾಕ್ಟರು. ಬೆಳಿಗ್ಗೆ ಹೊರಡುವಾಗ ‘ಗ್ಯಾಸ್ ಬುಕ್ ಮಾಡು’ ಅಂದಿದ್ದರು. ಆ ಮಾತಿಗೆ ಬೇರೆ ಏನಾದರೂ ಅರ್ಥವಿತ್ತೋ ಎಂದು ತುಂಬ ಹುಡುಕಿದೆ. ಇರಲಿಲ್ಲ.

ಬಾಲರಾಜ್ ಫೋಟೊಗೆ ಕೈಮುಗಿದು ಕುರ್ಚಿಯ ತುದಿಯಲ್ಲಿ ಕೂತರು.

‘ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಮೇಡಂ. ಇಂಥ ಟೈಮಲ್ಲಿ ಕೈಗೊಂದು ಕೆಲ್ಸ ಇದ್ರೆ ಒಳ್ಳೇದು ಅಂತಾರೆ ದೊಡ್ಡೋರು.’ ಚೀಲದಿಂದ ಪಠ್ಯಪುಸ್ತಕ ತೆಗೆದರು. ‘ಐದು ಪಾಠ ನೀವು ಬರ್ಕೊಟ್ಟಾಗಿದೆ. ಈ ಆರನೇದೊಂದು ಬಾಕಿ.’

ಬರೆದುಕೊಟ್ಟೆ. ಎರಡು ದಿನ ಬಿಟ್ಟು ಪ್ರೆಸ್ಸಿನಿಂದ ಬಾಲರಾಜ್ ಫೋನು ಮಾಡಿದರು.

‘ಏನ್ ಮೇಡಂ ಇದು? ಸತ್ತಿರಬಹುದು, ಹೋಗಿರಬಹುದು, ವಾಪಸ್ ಬರಬಹುದು. ಇದು ಗೈಡಾ, ಗಿಣಿಶಾಸ್ತ್ರಾನಾ?’

‘ಕಥೆಯಲ್ಲಿ ಹಾಗೇ ಇದೆ.’

‘ಕಥೇಲಿ ಏನಾದ್ರೂ ಇರ್ಲಿ. ಹುಡುಗ್ರು ಹತ್ತು ಮಾರ್ಕ್ಸ್‌ಗೆ ಬರೀಬೇಕು. ಬರಬಹುದು ಅಂತ ಬರೆದ್ರೆ ಯಾವ ಮೇಷ್ಟ್ರು ಮಾರ್ಕ್ಸ್ ಕೊಡ್ತಾನೆ? ಅವ್ನೂ ಕೊಡಬಹುದು ಅಂತಾನೆ ಅಷ್ಟೇ. ಒಂದು ಹೇಳ್ಬಿಡಿ ಮೇಡಂ. ಇದಾನಾ, ಇಲ್ವಾ?’

‘ಇಲ್ಲ’ ಅಂದೆ.

‘ಹಾಂ, ಅಷ್ಟೇ. ಅದನ್ನೇ ಬರೀರಿ.’

ಇಲ್ಲ ಎಂದು ಒಮ್ಮೆ ಅಂದ ಮೇಲೆ ಉಳಿದದ್ದು ತಾನಾಗಿ ಬಂತು. ಅದಕ್ಕೆ ಕೆಲವೇ ದಿನ ಮುಂಚೆ, ಹನ್ನೊಂದನೇ ದಿನದ ಕಾರ್ಯಕ್ಕೆ, ನಾವೆಲ್ಲ ಪುನೀತ್ ಅವರ ಊರು ರಾಜಾನುಕುಂಟೆಯಲ್ಲಿದ್ದೆವು. ನನ್ನ ಅತ್ತೆ ಮುನಿಯಲ್ಲಮ್ಮ ಮಗನ ಫೋಟೊದ ಮುಂದೆ ಎಲೆ ಹಾಕಿ ಮುದ್ದೆ, ಮಾಂಸದ ಸಾರು, ಪುನೀತ್ ಅವರಿಗೆ ಇಷ್ಟವಾಗಿದ್ದ ಚಕ್ಕುಲಿ, ಅವರು ನಾಲ್ಕು ವರ್ಷದ ಹಿಂದೆಯೇ ಬಿಟ್ಟಿದ್ದ ಸಿಗರೇಟಿನ ಒಂದು ಪ್ಯಾಕು, ಎಲ್ಲ ಎಡೆ ಇಟ್ಟರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಎಳೆದರು. ‘ಒಸಿ ಒತ್ತು ಯಾರೂ ಬಾಗ್ಲು ತಗೀಬೇಡಿ. ನೆಮ್ಮದಿಯಾಗಿ ಉಣ್ಣಲಿ’ ಅಂದರು. ನಾವು ಜಗಲಿಯ ಮೇಲೆ ಕೂತೆವು. ಕಾಲು ಗಂಟೆಯ ಮೇಲೆ ಅತ್ತೆ ಒಂದು ಸಲ ಕೆಮ್ಮಿ, ಒಳಗಿರುವವರಿಗೆ ಎದ್ದು ಹೋಗಲು ಸಮಯ ಕೊಟ್ಟು, ಬಾಗಿಲು ತೆಗೆದರು. ಎಲೆಯಲ್ಲಿ ಇಟ್ಟದ್ದು ಇಟ್ಟಂತೆಯೇ ಇತ್ತು.

ಮುಚ್ಚಿದ ಊಟ, ಎಳೆದ ಬಾಗಿಲು, ಹೊರಗೆ ಕೂತ ಹೆಂಗಸು. ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ‘ಐರ್ಲೆಂಡಿನಲ್ಲಿ ಸತ್ತವರಿಗೆ ಊಟ ಇಟ್ಟು, ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕೂರುವ ಪದ್ಧತಿಯಿದೆ’ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ರಾಜಾನುಕುಂಟೆಯಿಂದ ಐರ್ಲೆಂಡಿಗೆ ಅಷ್ಟು ಸುಲಭವಾಗಿ ಏನೂ ಹೋಗಿರಲಾರದು.

ಗೈಡಿನ ಮೇಲೆ ನನ್ನ ಹೆಸರಿರಲಿಲ್ಲ. ‘ಹೆಂಗಸ್ರ ಹೆಸ್ರಿದ್ರೆ ಗೈಡ್ ಓಡಲ್ಲ ಮೇಡಂ, ಬೇಜಾರ್ ಮಾಡ್ಕೋಬೇಡಿ’ ಎಂದು ಬಾಲರಾಜ್ ತಮ್ಮ ತಾತನ ಹೆಸರು ಹಾಕಿದ್ದರು: ಪ್ರೊಫೆಸರ್ ಪಿಳ್ಳಪ್ಪ, ಎಂ.ಎ. ತಾತ ಹೆಬ್ಬಾಳದ ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದವರು. ಶಾಲೆಯ ಮುಖ ಕಂಡಿರಲಿಲ್ಲ.

ಗೈಡ್ ಓಡಿತು. ಮಕ್ಕಳು ಓದಿದರು, ಮೇಷ್ಟ್ರುಗಳೂ ಓದಿದರು. ನಾನೇ ಅತಿಥಿ ಉಪನ್ಯಾಸಕಿಯಾಗಿರುವ ಯಲಹಂಕದ ಕಾಲೇಜಿನಲ್ಲಿ ನಾನೂ ಅದನ್ನೇ ಪಾಠ ಮಾಡಿದೆ. ಎರಡು ಸಾವಿರದ ಹದಿನಾರರ ಮೇ ತಿಂಗಳ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂತು: ಗಂಡನ ಸಾವಿಗೆ ಸಂಬಂಧಿಸಿದ ಐರಿಷ್ ಪದ್ಧತಿಯ ಮಹತ್ವವನ್ನು ವಿವರಿಸಿ.

ಮೌಲ್ಯಮಾಪನಕ್ಕೆ ಹೋದಾಗ ಪರೀಕ್ಷಾ ಮಂಡಳಿಯ ಅಧ್ಯಕ್ಷರಾದ ಶ್ರೀರಾಮಪ್ಪನವರು ಉತ್ತರದ ಕೀ ಓದಿ ಹೇಳಿದರು. ಗೇಟಿನ ಸದ್ದು ನಿಲ್ಲುವುದಕ್ಕೆ ಎರಡು. ಗಂಡನ ಸಾವಿಗೆ ಮೂರು. ಪದ್ಧತಿಗೆ ಮೂರು. ಹೆಂಡತಿಯ ವೈಧವ್ಯಕ್ಕೆ ಎರಡು. ವೈಧವ್ಯಕ್ಕೆ ಎರಡೇ ಯಾಕೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ದಿನಕ್ಕೆ ನಲವತ್ತು ಉತ್ತರ ಪತ್ರಿಕೆ ತಿದ್ದಿದೆ. ಅವನು ಸತ್ತ ಕಡೆಯಲ್ಲೆಲ್ಲ ಟಿಕ್ ಹಾಕಿದೆ.

ಜುಲೈ ಕೊನೆಯಲ್ಲಿ ಜೋಯಾ ಸ್ಟಾಫ್ ರೂಮಿಗೆ ಬಂದಳು. ತಣಿಸಂದ್ರದ ಹುಡುಗಿ, ಹತ್ತನೇ ತರಗತಿಯವರೆಗೆ ಉರ್ದು ಶಾಲೆ. ನಮ್ಮ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು, ಈ ಒಂದು ಪತ್ರಿಕೆ ಬಿಟ್ಟು. ನಾಲ್ಕನೇ ಸೆಮಿಸ್ಟರಿನ ಇಂಗ್ಲಿಷನ್ನು ಈ ಸಲ ಕೊನೆಯ ಪರೀಕ್ಷೆಗಳ ಜೊತೆ ಬರೆದಿದ್ದಳು. ಎಪ್ಪತ್ತಕ್ಕೆ ಇಪ್ಪತ್ತಮೂರು. ಪಾಸಾಗಲು ಇಪ್ಪತ್ತೆಂಟು ಬೇಕು. ಬಿ.ಎಡ್. ಸೀಟು ಸಿಕ್ಕಿತ್ತು. ಆಗಸ್ಟ್ ಇಪ್ಪತ್ತರೊಳಗೆ ಪಾಸಾದ ಅಂಕಪಟ್ಟಿ ಕೊಡದಿದ್ದರೆ ಅದು ಹೋಗುತ್ತಿತ್ತು.

ಅವಳು ತನ್ನ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿಕೊಂಡಿದ್ದಳು. ಆರನೇ ಪಾಠದ ಉತ್ತರ ತೆಗೆದು ನನ್ನ ಮುಂದಿಟ್ಟಳು. ವ್ಯಾಕರಣ ಕುಂಟುತ್ತಿತ್ತು, ಆದರೆ ಹೇಳಿದ್ದು ಸ್ಪಷ್ಟವಿತ್ತು. ಅವನು ಸತ್ತ ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಬಂದ ಅಂತಲೂ ಇಲ್ಲ. ಅವನು ಬರಬಹುದು, ಬರದೆಯೂ ಇರಬಹುದು. ಅವಳು ತಟ್ಟೆ ಮುಚ್ಚಿಟ್ಟಿದ್ದಾಳೆ, ಅಂದರೆ ಅವಳ ಲೆಕ್ಕದಲ್ಲಿ ಅವನು ಬರುವವನು. ನಮಗೆ ಗೊತ್ತಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ. ಅದರ ಕೆಳಗೆ ಇಂಗ್ಲಿಷಿನಲ್ಲಿ: ರಾಂಗ್. ಹಸ್ಬೆಂಡ್ ಡೈಸ್.

‘ಇದು ನನ್ನ ಕೈಬರಹ’ ಅಂದೆ.

‘ಗೊತ್ತು ಮೇಡಂ. ಬೋರ್ಡ್ ಮೇಲೆ ನೋಡಿಲ್ವಾ? ನಿಮ್ಮ ಡಬ್ಲ್ಯೂ ಹಕ್ಕಿ ಹಾರೋ ಥರ ಇರುತ್ತೆ. ಅದಕ್ಕೇ ನಿಮ್ಮ ಹತ್ರಾನೇ ಬಂದೆ.’

‘ಬೈಯೋದಕ್ಕಾ?’

‘ಬೈದ್ರೆ ಐದು ಮಾರ್ಕ್ಸ್ ಬರುತ್ತಾ?’

ನಾನು ಆ ಹಾಳೆಯನ್ನು ಮತ್ತೆ ನೋಡಿದೆ. ಬರೆದ ನೆನಪೇ ಇರಲಿಲ್ಲ.

‘ಈ ಪಾಠ ಮಾಡಿದಾಗ ನೀನು ಕ್ಲಾಸಲ್ಲಿ ಇರ್ಲಿಲ್ವಾ?’

‘ಟೈಫಾಯಿಡ್ ಮೇಡಂ. ಮಲಗ್ಬಿಟ್ಟಿದ್ದೆ. ಗೈಡ್ ತನ್ನಿ ಅಂತ ಅಬ್ಬಾಗೆ ಹೇಳಿದ್ರೆ ಅವ್ರು ಟೆಕ್ಸ್ಟ್ ಬುಕ್ಕೇ ತಂದ್ರು. ಅಂಗಡಿಯವ್ನು ಎರಡೂ ಒಂದೇ ಅಂದ್ನಂತೆ. ಬೇರೆ ಏನೂ ಇರ್ಲಿಲ್ಲ, ಅದನ್ನೇ ಓದ್ದೆ.’

ಅವಳ ತಂದೆ ಗುಲಾಮ್ ರಸೂಲ್ ಟೆಂಪೊ ಓಡಿಸುತ್ತಾರೆ.

‘ಅಬ್ಬಾ ಮಧ್ಯಾಹ್ನ ಊಟಕ್ಕೆ ಬರ್ತೀನಿ ಅಂತಾರೆ ಮೇಡಂ. ಹೆಬ್ಬಾಳದಲ್ಲಿ ಟ್ರಾಫಿಕ್ ಸಿಕ್ಕಿದ್ರೆ ನಾಲ್ಕು ಗಂಟೆ, ಐದು ಗಂಟೆ. ಅಮ್ಮಿ ತಟ್ಟೆ ಮುಚ್ಚಿಟ್ಟು ಬಾಗ್ಲಲ್ಲಿ ಕೂತಿರ್ತಾರೆ. ಬೆಕ್ಕು ಬರುತ್ತೆ ಅಂತ ಬಾಗ್ಲು ಎಳ್ಕೋತಾರೆ. ದಿನಾ ನೋಡ್ತೀನಿ. ಸತ್ತೋರಿಗೆ ಯಾರಾದ್ರೂ ತಟ್ಟೆ ಮುಚ್ಚಿಡ್ತಾರಾ ಮೇಡಂ?’

‘ಇಡ್ತಾರೆ’ ಅಂದೆ.

ಅವಳಿಗೆ ನನ್ನ ವಿಷಯ ಆಗ ನೆನಪಾಯಿತು. ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಳೆಗಳನ್ನು ಮಡಿಚತೊಡಗಿದಳು.

‘ತಪ್ಪು ತಿಳ್ಕೋಬೇಡಿ ಮೇಡಂ. ನಾನು ಕಥೆ ವಿಷ್ಯ ಹೇಳಿದ್ದು.’

‘ಕಥೆ ವಿಷಯದಲ್ಲಿ ನೀನು ಬರೆದಿರೋದೇ ಸರಿ.’

‘ಸರಿ ಇದ್ರೆ ಸೊನ್ನೆ ಯಾಕೆ?’

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಹತ್ತು ಅಂಕಕ್ಕೆ ಸಾಲುವಷ್ಟು. ಅದನ್ನು ಬಿಟ್ಟು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಹೇಳಿದೆ. ಅದು ಆಗಲೇ ಹಾಕಿದೀನಿ ಅಂದಳು. ಆದರೆ ಅದನ್ನು ತಿದ್ದುವವರ ಮುಂದೆಯೂ ಅದೇ ಕೀ ಇರುತ್ತದೆ. ಕೀ ಬದಲಾಗದೆ ಅವಳಿಗೆ ಅಂಕ ಬರುವಂತಿರಲಿಲ್ಲ.

ಮರುದಿನ ಆರ್.ಟಿ. ನಗರದಲ್ಲಿ ಶ್ರೀರಾಮಪ್ಪನವರ ಮನೆಗೆ ಹೋದೆ. ಅವರು ಕಾಫಿ ತರಿಸಿದರು.

‘ಸರ್, ಆರನೇ ಪಾಠದ ಕೀ ತಪ್ಪಿದೆ.’

‘ಯಾವುದು, ಗಂಡ ಸಾಯೋದಾ? ಏನು ತಪ್ಪು?’

‘ಅವನು ಸತ್ತ ಅಂತ ಕಥೆಯಲ್ಲಿ ಇಲ್ಲ. ಆ ಪದ್ಧತಿಯೂ ಇಲ್ಲ.’

ಅವರು ಮರುಕದಿಂದ ನಕ್ಕರು. ‘ನಿಮಗೆ ಗೊತ್ತಿಲ್ಲ ಅನ್ಸುತ್ತೆ ಕಣಮ್ಮ. ಐರ್ಲೆಂಡಲ್ಲಿ ಎಡೆ ಇಡೋ ಪದ್ಧತಿ ಇದೆ. ಥೇಟ್ ನಮ್ಮ ಕಡೆ ಥರಾನೇ. ಬಾಗ್ಲು ಹಾಕೋದು, ಹೊರಗೆ ಕೂರೋದು, ಎಲ್ಲಾ. ನಾನು ಅದರ ಮೇಲೆ ಒಂದು ಸೆಮಿನಾರಲ್ಲಿ ಪೇಪರ್ ಓದಿದೀನಿ. ಜನ ಬೆರಗಾಗಿ ಹೋದ್ರು.’

‘ಆ ಪದ್ಧತಿ ನಾನು ಬರೆದದ್ದು ಸರ್. ರಾಜಾನುಕುಂಟೆಯದು. ಪ್ರೊಫೆಸರ್ ಪಿಳ್ಳಪ್ಪ ಅಂದರೆ ನಾನೇ.’

ಶ್ರೀರಾಮಪ್ಪನವರು ಕಾಫಿ ಲೋಟ ಕೆಳಗಿಟ್ಟರು.

‘ಪಿಳ್ಳಪ್ಪನವರಿಗೆ ನಾನು ಎರಡು ಸಲ ಪತ್ರ ಬರೆದಿದೀನಲ್ಲಮ್ಮ. ಸೆಮಿನಾರಿಗೆ ಬನ್ನಿ ಅಂತ. ಫಾರಿನ್‌ಗೆ ಹೋಗಿದಾರೆ ಅಂದ್ರು ಪ್ರೆಸ್ಸಿನೋರು.’

‘ಐರ್ಲೆಂಡಿಗಾ ಸರ್?’

‘ಹೂಂ. ಹಾಗೇ ಅಂದ್ರು.’

ಒಳಗೆ ಕುಕ್ಕರ್ ಕೂಗಿತು. ನಾನು ಜೋಯಾಳ ವಿಷಯ ಹೇಳಿದೆ. ಅವರು ಕೆಟ್ಟವರಲ್ಲ. ಕೇಳಿಸಿಕೊಂಡರು.

‘ನೀವು ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ಕೀ ಬದಲಾಯಿಸೋಕೆ ಅಚ್ಚಾಗಿರೋ ಆಧಾರ ಬೇಕು. ಹನ್ನೆರಡನೇ ತಾರೀಕು ಮಂಡಳಿ ಸೇರುತ್ತೆ. ಅವರ ಮುಂದೆ ನಾನು ಏನಿಡ್ಲಿ?’

‘ಪಠ್ಯವೇ ಅಚ್ಚಾಗಿದೆಯಲ್ಲ ಸರ್.’

‘ಪಠ್ಯ ಅನ್ನೋದು ಪ್ರಶ್ನೆ ಕಣಮ್ಮ. ಆಧಾರ ಅಂದ್ರೆ ಉತ್ತರ.’ ಸ್ವಲ್ಪ ಯೋಚಿಸಿದರು. ‘ಒಂದು ಕೆಲ್ಸ ಮಾಡಿ. ಪಿಳ್ಳಪ್ಪನವರೇ ಅಭಿಪ್ರಾಯ ಬದಲಾಯಿಸಿದ್ರೆ ಯಾರೂ ಉಸಿರೆತ್ತಲ್ಲ. ಪರಿಷ್ಕೃತ ಆವೃತ್ತಿ ತನ್ನಿ. ಗಂಡ ವಾಪಸ್ ಬರ್ತಾನೆ ಅಂತ ಇರ್ಲಿ. ಆಗ ಎರಡು ಉತ್ತರಾನೂ ಸರಿ ಅಂತ ಕೀ ಮಾಡ್ತೀನಿ.’

‘ಬರ್ತಾನೋ ಇಲ್ವೋ ಗೊತ್ತಿಲ್ಲ ಅಂತ ಬರೆದರೆ?’

‘ಗೊತ್ತಿಲ್ಲದೇ ಇರೋದಕ್ಕೆ ಎಷ್ಟು ಮಾರ್ಕ್ಸ್ ಕೊಡೋದಮ್ಮ?’

ಅಲ್ಲಿಂದ ಸೀದಾ ಯಶವಂತಪುರಕ್ಕೆ ಹೋದೆ. ಬಾಲರಾಜ್ ವಿಷಯ ಕೇಳಿ ಖುಷಿಪಟ್ಟರು.

‘ಸತ್ತೋನನ್ನ ಎಬ್ಬಿಸ್ಬೇಕು, ಅಷ್ಟೇ ತಾನೆ? ಎಬ್ಬಿಸಿ ಮೇಡಂ. ಹೊಸ ಆವೃತ್ತಿ ಅಂದ್ರೆ ಹಳೇದು ಇಟ್ಕೊಂಡಿರೋರೂ ಬಂದು ತಗೋತಾರೆ. ಆದ್ರೆ ಬಂದ ಅಂತ ಒಂದೇ ಲೈನ್ ಬರೆದ್ರೆ ಸಾಲಲ್ಲ. ಐದು ಪಾಯಿಂಟ್ ಬೇಕು. ಬಂದ, ಸರಿ. ಬಂದ್ಮೇಲೆ?’

ಅದನ್ನು ನಾನು ಯೋಚಿಸಿರಲಿಲ್ಲ. ಪ್ರೂಫ್ ನೋಡುವ ಮೇಜಿನ ಮುಂದೆ ಕೂರಿಸಿದರು. ಪಕ್ಕದಲ್ಲಿ ಮೆಷಿನ್ ಯಾರದೋ ಮದುವೆಯ ಪತ್ರಿಕೆ ಹೊಡೆಯುತ್ತಿತ್ತು. ‘ಗಂಡ ಬರುತ್ತಾನೆ’ ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು.

‘ಗಂಡಸ್ರು ಬಂದ್ಮೇಲೆ ಏನ್ ಮಾಡ್ತಾರೆ ಮೇಡಂ, ಊಟ ಎಲ್ಲಿ ಅಂತಾರೆ’ ಅಂದರು ಬಾಲರಾಜ್ ನನ್ನ ತಲೆಯ ಮೇಲಿಂದ ಬಗ್ಗಿ ನೋಡಿ.

ಬರೆದೆ. ಅವನು ಕೈ ತೊಳೆಯುತ್ತಾನೆ. ಗೇಟಿನ ತಿರುಗಣಿಗೆ ತುಕ್ಕು ಹಿಡಿದಿದೆ, ಎಣ್ಣೆ ಬಿಡಬೇಕು ಅನ್ನುತ್ತಾನೆ. ಪಕ್ಕದ ಹೊಲದವನು ಸಿಕ್ಕಿದ್ದ ಅನ್ನುತ್ತಾನೆ. ಇಷ್ಟು ಹೊತ್ತು ಏನು ಮಾತು ಎಂದು ಅವಳು ಕೇಳುತ್ತಾಳೆ. ಏನಿಲ್ಲ, ಅವನ ಹಸುವಿನ ವಿಷಯ ಅನ್ನುತ್ತಾನೆ. ಹಸುವಿಗೆ ಏನಾಗಿದೆ ಎಂದು ಅವಳು ಕೇಳುತ್ತಾಳೆ. ಊಟ ಆರಿದೆ, ಬಿಸಿ ಮಾಡುತ್ತೇನೆ ಅನ್ನುತ್ತಾಳೆ. ಬೇಡ, ಹೀಗೇ ಇರಲಿ ಅನ್ನುತ್ತಾನೆ. ಹೇಳಿ ಹೋಗುವುದಕ್ಕೆ ನಿನಗೆ ಏನಾಗಿತ್ತು ಎಂದು ಅವಳು ಶುರುಮಾಡುತ್ತಾಳೆ. ಹೇಳಿಯೇ ಹೋದೆನಲ್ಲ ಅನ್ನುತ್ತಾನೆ ಅವನು. ಗೇಟು ಹಾಕಿ ಬರುವುದಕ್ಕೆ ಎಷ್ಟು ಹೊತ್ತು ಬೇಕು, ಇಲ್ಲಿ ಒಬ್ಬಳು ಕೂತಿರುತ್ತಾಳೆ ಎಂಬ ಜ್ಞಾನ ಬೇಡವೇ ಎಂದು ಅವಳು ಬೈಯುತ್ತಾಳೆ. ಬೈಯುತ್ತಲೇ ಇರುತ್ತಾಳೆ. ಅವನು ತಲೆ ತಗ್ಗಿಸಿ ತಿನ್ನುತ್ತಾನೆ.

ಮೆಷಿನ್ ಯಾವಾಗ ನಿಂತಿತೋ ತಿಳಿಯಲಿಲ್ಲ. ಬಾಲರಾಜ್ ಹಾಳೆಗಳನ್ನು ತೆಗೆದುಕೊಂಡು ಎಣಿಸಿದರು. ಏಳಿದ್ದವು. ನಿಂತುಕೊಂಡೇ ಓದಿದರು. ಎರಡನೇ ಹಾಳೆಯ ಹೊತ್ತಿಗೆ ಕನ್ನಡಕ ತೆಗೆದು ಒರೆಸಿಕೊಂಡರು.

‘ಮೇಡಂ, ಇದೆಲ್ಲಾ ಕಥೇಲಿದ್ಯಾ?’

‘ಇಲ್ಲ.’

‘ಇವ್ಳು ಮೂರು ಪುಟ ಬರೀ ಬೈತಾಳೆ.’

‘ಹೂಂ.’

ಬಾಲರಾಜ್ ಮೊದಲ ಹಾಳೆಯಲ್ಲಿ ಐದು ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟುಕೊಂಡರು. ಉಳಿದ ಆರು ಹಾಳೆಗಳನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ‘ಹತ್ತು ಮಾರ್ಕ್ಸಿಗೆ ಇಷ್ಟು ಸಾಕು ಮೇಡಂ. ಇದು ನಿಮ್ಮ ಹತ್ರಾನೇ ಇರ್ಲಿ.’

ಹನ್ನೆರಡನೇ ತಾರೀಕಿಗೆ ಮುಂಚೆ ಪರಿಷ್ಕೃತ ಆವೃತ್ತಿ ಬಂತು. ಪ್ರೊಫೆಸರ್ ಪಿಳ್ಳಪ್ಪನವರ ಇತ್ತೀಚಿನ ಸಂಶೋಧನೆಯ ಪ್ರಕಾರ ಗಂಡ ಮರಳಿ ಬರುತ್ತಾನೆಂದು ಮಂಡಳಿ ಒಪ್ಪಿಕೊಂಡಿತು. ಎರಡೂ ಉತ್ತರಕ್ಕೆ ಅಂಕ ಕೊಡತಕ್ಕದ್ದು ಎಂದು ನಡಾವಳಿಯಲ್ಲಿ ಬರೆದರು. ಜೋಯಾಳ ಉತ್ತರವನ್ನು ಶ್ರೀರಾಮಪ್ಪನವರು ತಾವೇ ತಿದ್ದಿದರು. ಸಂಜೆ ನನಗೆ ಫೋನ್ ಮಾಡಿದರು.

‘ನಿಮ್ಮ ಹುಡುಗಿ ಅವನನ್ನ ಪೂರ್ತಿ ಸಾಯಿಸಿಲ್ಲ ಕಣಮ್ಮ, ಪೂರ್ತಿ ಕರ್ಕೊಂಡೂ ಬಂದಿಲ್ಲ. ಬರಬಹುದು ಅಂತ ಬರೆದಿದಾಳೆ. ಅದಕ್ಕೆ ಅರ್ಧ ಕೊಟ್ಟಿದೀನಿ. ಐದು.’

‘ಇಪ್ಪತ್ತೆಂಟಾಯ್ತು ಸರ್.’

‘ಹೌದಾ? ನಾನು ಕೂಡಿ ನೋಡ್ಲಿಲ್ಲ’ ಅಂದರು. ಕೂಡಿ ನೋಡಿದ್ದರು ಎಂದು ನನಗೆ ಗೊತ್ತಾಯಿತು.

ಹದಿನೆಂಟನೇ ತಾರೀಕು ಜೋಯಾ ಅಂಕಪಟ್ಟಿ ತೋರಿಸಲು ಕಾಲೇಜಿಗೆ ಬಂದಳು. ಬಿ.ಎಡ್. ಕಾಲೇಜಿಗೆ ಆಗಲೇ ಹೋಗಿ ಸೇರಿ ಬಂದಿದ್ದಳು. ಮೇಜಿನ ಮೇಲೆ ಹೊಸ ಗೈಡ್ ಇತ್ತು. ನಲವತ್ತೊಂದನೇ ಪುಟ ತೆಗೆದು ನಿಂತೇ ಓದಿದಳು.

‘ಮೇಡಂ, ಇದೂ ತಪ್ಪಲ್ವಾ?’

‘ತಪ್ಪು.’

‘ಹಂಗಾದ್ರೆ ನಾನು ಬರೆದಿದ್ದಕ್ಕೆ ಮಾರ್ಕ್ಸ್ ಬರ್ಲೇ ಇಲ್ಲ. ಈ ತಪ್ಪಿಗೆ ಬಂದಿದ್ದು.’

‘ಹೌದು.’

‘ಥೂ’ ಅಂದಳು, ಅಂಕಪಟ್ಟಿಯನ್ನು ಮಾತ್ರ ಜೋಪಾನವಾಗಿ ಕವರಿನೊಳಗೆ ಇಡುತ್ತಾ. ‘ಹೋಗ್ಲಿ ಬಿಡಿ. ನಾನು ಟೀಚರ್ ಆದ್ಮೇಲೆ ಗೊತ್ತಿಲ್ಲ ಅಂತ ಬರೆದೋರಿಗೆ ಹತ್ತಕ್ಕೆ ಹತ್ತು ಕೊಡ್ತೀನಿ.’

‘ಎಲ್ಲರೂ ಗೊತ್ತಿಲ್ಲ ಅಂತಲೇ ಬರೀತಾರೆ ಆಗ.’

ಅವಳು ನಕ್ಕಳು. ಮತ್ತೆ ಪುಟ ನೋಡಿದಳು. ಹುಬ್ಬು ಗಂಟಿಕ್ಕಿತು.

‘ಆದ್ರೆ ಇದೇನು ಮೇಡಂ, ಗಂಡ ಬಂದ, ಕೈ ತೊಳ್ದ, ಊಟ ಮಾಡ್ದ. ಹೆಂಡ್ತಿ ಒಂದು ಮಾತೂ ಅನ್ನಲ್ವಾ? ನಮ್ಮ ಅಮ್ಮಿ ಆಗಿದ್ರೆ ಬಾಗ್ಲಲ್ಲೇ ಹಿಡ್ಕೊಂಡು ಬೈತಿದ್ರು.’

‘ಇವಳೂ ಬೈತಾಳೆ’ ಅಂದೆ. ‘ಪಾಯಿಂಟಿಗೆ ಬರಲಿಲ್ಲ.’

‘ತುಂಬಾನಾ?’

‘ಮೂರು ಪುಟ.’

ಜೋಯಾ ಬಸ್ಸಿಗೆ ಹೊತ್ತಾಯಿತೆಂದು ಹೊರಟಿದ್ದವಳು, ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ‘ಏನಂತಾಳೆ ಹೇಳಿ ಮೇಡಂ’ ಅಂದಳು.